ಕೋವಿಡ್ ಕಾಲದಲ್ಲಿ ‘ವೇಕ್ ಅಪ್, ಸನ್‌ಶೈನ್’: ದಿನಾಂಕ ಮುಂದೂಡದೆ ಆಲ್ಬಮ್ ಬಿಟ್ಟದ್ದು ಸರಿಯೇ?

ಬಸವನಗುಡಿ_ಕೇಳುಗ

ಅಮೆರಿಕದ ಆಲ್ ಟೈಮ್ ಲೋ ಬ್ಯಾಂಡಿನ ಎಂಟನೆಯ ಸ್ಟುಡಿಯೋ ಆಲ್ಬಮ್ ‘ವೇಕ್ ಅಪ್, ಸನ್‌ಶೈನ್’ 2020ರ ಏಪ್ರಿಲ್ 3ರ ಶುಕ್ರವಾರ ಬಿಡುಗಡೆಯಾಯಿತು. ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಪಿಡುಗೆಂದು ಘೋಷಿಸಿ ಆಗಷ್ಟೇ ಮೂರು ವಾರ ಕಳೆದಿತ್ತು. ಅಮೆರಿಕದ ಸಂಗೀತ ಸಭಾಂಗಣಗಳು ಬಾಗಿಲು ಹಾಕಿದ್ದವು, ನಾವು ಇಲ್ಲಿ ಲಾಕ್‌ಡೌನಿನ ಎರಡನೆಯ ವಾರದಲ್ಲಿದ್ದೆವು.

ಅದೇ ದಿನಗಳಲ್ಲಿ ದೊಡ್ಡ ಹೆಸರಿನವರೆಲ್ಲ ಏನು ಮಾಡಿದರೆಂದು ನೆನಪಿಸಿಕೊಳ್ಳಿ. ಏಪ್ರಿಲ್ 3ರಂದೇ ಬರಬೇಕಿದ್ದ ‘ಫ್ಯೂಚರ್ ನಾಸ್ಟಾಲ್ಜಿಯಾ’ವನ್ನು ಡುವಾ ಲಿಪಾ ಒಂದು ವಾರ ಮೊದಲೇ, ಮಾರ್ಚ್ 27ಕ್ಕೆ ಬಿಟ್ಟುಬಿಟ್ಟರು. ಏಪ್ರಿಲ್ 10ಕ್ಕೆ ನಿಗದಿಯಾಗಿದ್ದ ‘ಕ್ರೊಮ್ಯಾಟಿಕಾ’ವನ್ನು ಲೇಡಿ ಗಾಗಾ ಮೇ 29ಕ್ಕೆ ಮುಂದೂಡಿದರು. ಆಲ್ ಟೈಮ್ ಲೋ ಮಾತ್ರ ಹೇಳಿದ ದಿನಕ್ಕೇ ತಂದಿತು. ಅವರದು ಪಾಪ್ ಪಂಕ್, ಅಂದರೆ ಪಂಕ್ ರಾಕಿನ ವೇಗಕ್ಕೆ ಪಾಪ್ ರಾಗ ಬೆರೆಸಿದ ಸಂಗೀತ. ಅಂಥ ಬ್ಯಾಂಡು ಬದುಕುವುದೇ ಟೂರಿನಿಂದ. ಟಿಕೆಟ್ಟು, ಟೀ ಶರ್ಟು, ಅಭಿಮಾನಿಗಳು ಒಟ್ಟಾಗಿ ಕಿರುಚುವ ಪಲ್ಲವಿ ಇವೇ ಅದರ ಜೀವಾಳ. ಅವೊಂದೂ ಇಲ್ಲದ ಹೊತ್ತಿನಲ್ಲಿ ಹದಿನೈದು ಹಾಡುಗಳ ಆಲ್ಬಮ್ ಹೊರತಂದದ್ದು ಧೈರ್ಯವೋ ದುಡುಕೋ ಎಂಬ ಚರ್ಚೆ ಆಗಲೂ ಇತ್ತು, ಈಗಲೂ ಇದೆ. ಅದು ಸರಿಯಾದ ನಿರ್ಧಾರವೆಂಬುದು ನನ್ನ ದೃಢವಾದ ಅಭಿಪ್ರಾಯ. ನಿಮ್ಮ ವಾದಗಳನ್ನು ಕೇಳಬೇಕೆನಿಸಿದೆ.

ಅನುಮಾನಿ

ದುಡುಕು. ಮೂರು ವರ್ಷ ಕಾಯಿಸಿದವರು ಇನ್ನು ಮೂರು ತಿಂಗಳು ಕಾಯಿಸಿದ್ದರೆ ಯಾರೂ ಬೇಸರಿಸುತ್ತಿರಲಿಲ್ಲ.

ಮೈಸೂರು_ಮೇಳ

ಮೂರು ತಿಂಗಳು ಕಾದಿದ್ದರೆ ಏನು ಬದಲಾಗುತ್ತಿತ್ತು, ಅನುಮಾನಿ ಅವರೇ? ಜುಲೈನಲ್ಲೂ ಸಭಾಂಗಣಗಳು ತೆರೆದಿರಲಿಲ್ಲ. ಇನ್ನೊಂದು ಪಾಪ್ ಪಂಕ್ ಬ್ಯಾಂಡಾದ ನ್ಯೂ ಫೌಂಡ್ ಗ್ಲೋರಿಯವರು ತಮ್ಮ ಹತ್ತನೆಯ ಆಲ್ಬಮನ್ನು ಮೇ ಕೊನೆಯಿಂದ ಜೂನ್ 19ಕ್ಕೆ ತಳ್ಳಿದರು. ಆ ಮೂರು ವಾರಗಳಿಂದ ವೇದಿಕೆಯ ವಿಷಯದಲ್ಲಿ ಅವರಿಗೆ ದಕ್ಕಿದ್ದು ಸೊನ್ನೆ. ವೇಲ್ಸಿನ ರೆಕ್ಸಮ್ ಊರಿನ ನೆಕ್ ಡೀಪ್ ಬ್ಯಾಂಡಿನ ‘ಆಲ್ ಡಿಸ್ಟಾರ್ಷನ್ಸ್ ಆರ್ ಇಂಟೆನ್ಷನಲ್’ ಜುಲೈ 24ಕ್ಕೆ ಬಂತು. ಅವರಿಗೂ ಆಗ ನುಡಿಸಲು ಜಾಗವಿರಲಿಲ್ಲ. ಅಲ್ಪಸ್ವಲ್ಪ ಮುಂದೂಡಿಕೆ ಯಾರಿಗೂ ಟೂರನ್ನು ಕೊಡಲಿಲ್ಲ ಎಂಬುದಕ್ಕೆ ಈ ಎರಡೇ ಸಾಕು.

ವಿನೈಲ್_ಪ್ರೇಮಿ

ವೇದಿಕೆಯ ಮಾತು ಹಾಗಿರಲಿ, ಡಿಸ್ಕುಗಳ ಪಾಡನ್ನೂ ಸ್ವಲ್ಪ ನೋಡಿ. ಅಮೆಜಾನ್ ಮಾರ್ಚ್ 17ರಿಂದ ಏಪ್ರಿಲ್ 5ರವರೆಗೆ ತನ್ನ ಗೋದಾಮುಗಳಿಗೆ ಅತ್ಯಗತ್ಯವಲ್ಲದ ಸರಕನ್ನು ತರಿಸಿಕೊಳ್ಳುವುದನ್ನೇ ತಡೆಹಿಡಿದಿತ್ತು, ಮತ್ತು ಸಿಡಿ, ವಿನೈಲ್‌ಗಳು ಅತ್ಯಗತ್ಯದ ಪಟ್ಟಿಯಲ್ಲಿರಲಿಲ್ಲ. ಆಲ್ಬಮ್ ಬಿಡುಗಡೆಯಾದ ದಿನ ಆ ತಡೆ ಇನ್ನೂ ಜಾರಿಯಲ್ಲಿತ್ತು. ಸಣ್ಣ ರೆಕಾರ್ಡ್ ಅಂಗಡಿಗಳು ಮುಚ್ಚಿದ್ದವು. ಏಪ್ರಿಲ್ 18ರಂದು ನಡೆಯಬೇಕಿದ್ದ, ಅಂಥ ಅಂಗಡಿಗಳ ವಾರ್ಷಿಕ ಹಬ್ಬವಾದ ರೆಕಾರ್ಡ್ ಸ್ಟೋರ್ ಡೇ ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳ ಮೂರು ದಿನಗಳಿಗೆ ಹಂಚಿಹೋಯಿತು. ಇದಕ್ಕೆ ಮೊದಲೇ, ಫೆಬ್ರವರಿ 6ರಂದು ಕ್ಯಾಲಿಫೋರ್ನಿಯಾದ ಬ್ಯಾನಿಂಗ್‌ನಲ್ಲಿದ್ದ ಅಪೋಲೊ ಮಾಸ್ಟರ್ಸ್ ಕಾರ್ಖಾನೆ ಬೆಂಕಿಗೆ ಆಹುತಿಯಾಗಿತ್ತು. ವಿನೈಲ್ ಅಚ್ಚಿಗೆ ಬೇಕಾದ ಲ್ಯಾಕರ್ ಡಿಸ್ಕುಗಳನ್ನು ತಯಾರಿಸುತ್ತಿದ್ದುದು ಜಗತ್ತಿನಲ್ಲಿ ಎರಡೇ ಕಾರ್ಖಾನೆಗಳು, ಅದರಲ್ಲಿ ಇದೊಂದು.

ಇಂಥ ವಾರದಲ್ಲಿ ಆಲ್ಬಮ್ ತಂದರೆ ಮೊದಲ ವಾರದ ಮಾರಾಟದ ಲೆಕ್ಕಕ್ಕೆ ಪೆಟ್ಟು ಬೀಳುವುದು ಖಚಿತ. ಚಾರ್ಟಿನಲ್ಲಿ ಆಲ್ಬಮ್ ಎಲ್ಲಿ ನಿಲ್ಲುತ್ತದೆಂಬುದು ಆ ಒಂದು ವಾರದ ಮೇಲೆ ಬಹಳ ಮಟ್ಟಿಗೆ ನಿಂತಿರುತ್ತದೆ, ಅದರಲ್ಲೂ ನಿಷ್ಠಾವಂತ ಅಭಿಮಾನಿಗಳಿರುವ ಬ್ಯಾಂಡುಗಳ ವಿಷಯದಲ್ಲಿ.

ಬಸವನಗುಡಿ_ಕೇಳುಗ

ಮೊದಲ ವಾರದ ಲೆಕ್ಕವನ್ನು ಒಪ್ಪುತ್ತೇನೆ. ಆದರೆ ಈ ಆಲ್ಬಮ್ಮಿನ ಕಥೆ ನಡೆದದ್ದೇ ಮೊದಲ ವಾರದ ಆಚೆಗೆ. ಗಾಯಕ ಬ್ಲ್ಯಾಕ್‌ಬೇರ್ ಜೊತೆಗಿನ ‘ಮಾನ್‌ಸ್ಟರ್ಸ್’ ಹಾಡು ತಿಂಗಳುಗಳ ನಂತರ ರೇಡಿಯೋದಲ್ಲಿ ಏರತೊಡಗಿ, ಬಿಲ್‌ಬೋರ್ಡಿನ ಆಲ್ಟರ್‌ನೇಟಿವ್ ಪಟ್ಟಿಯಲ್ಲಿ ಒಟ್ಟು 18 ವಾರ ಮೊದಲ ಸ್ಥಾನದಲ್ಲಿತ್ತು. 2003ರಲ್ಲಿ ಹೈಸ್ಕೂಲು ಹುಡುಗರಾಗಿ ಶುರುಮಾಡಿದ ಬ್ಯಾಂಡಿಗೆ ಆ ಪಟ್ಟಿಯಲ್ಲಿ ಮೊದಲ ಸ್ಥಾನ ಸಿಕ್ಕಿದ್ದು ಅದೇ ಮೊದಲು. ಒಂದೇ ಒಂದು ಟೂರ್ ಇಲ್ಲದ ವರ್ಷದಲ್ಲಿ!

ಟೌಸನ್_ಕನ್ನಡಿಗ

ಆ ಬ್ಯಾಂಡಿನ ಹುಟ್ಟೂರಿನಲ್ಲೇ, ಬಾಲ್ಟಿಮೋರ್ ಪಕ್ಕದ ಟೌಸನ್ನಿನಲ್ಲಿ ನೆಲೆಸಿರುವುದರಿಂದ ಒಂದು ಮಾತು ಸೇರಿಸುತ್ತೇನೆ. 2020ರ ಕೊನೆಯ ತಿಂಗಳುಗಳಲ್ಲಿ ನಾವು ಕಾರು ತೆಗೆಯುತ್ತಿದ್ದುದೇ ದಿನಸಿಗೆ. ಅಂಗಡಿಯವರು ಸಾಮಾನನ್ನು ಹೊರಗೆ ತಂದು ಡಿಕ್ಕಿಯಲ್ಲಿಡುವವರೆಗೆ ಕಿಟಕಿ ಏರಿಸಿಕೊಂಡು, ಮಾಸ್ಕ್ ಹಾಕಿಕೊಂಡು ಕಾಯುತ್ತಿದ್ದೆವು. ಆ ಹದಿನೈದು ನಿಮಿಷದ ಕಾಯುವಿಕೆಯಲ್ಲಿ ‘ಮಾನ್‌ಸ್ಟರ್ಸ್’ ಬರದ ದಿನವೇ ಇರಲಿಲ್ಲವೆಂದರೆ ನಂಬಿ. ಹಿಂದಿನ ಸೀಟಿನಲ್ಲಿದ್ದ ಮಗಳಿಗೆ ಹಾಡು ಬಾಯಿಪಾಠವಾಗಿತ್ತು, ಆದರೆ ಹಾಡಿದವರು ನಮ್ಮ ಊರಿನವರೆಂದು ಅವಳಿಗೆ ಗೊತ್ತಿರಲಿಲ್ಲ. ಅವರು ಓದಿದ ಡುಲೇನಿ ಹೈಸ್ಕೂಲು ನಮ್ಮ ಮನೆಯಿಂದ ಹೆಚ್ಚು ದೂರವಿಲ್ಲವೆಂದು ಹೇಳಿದಾಗ ಅವಳು ನನ್ನನ್ನೇ ಅನುಮಾನದಿಂದ ನೋಡಿದಳು.

ಟೂರ್ ಇದ್ದಿದ್ದರೆ ಈ ಹಾಡು ಬ್ಯಾಂಡಿನ ಹಳೆಯ ಅಭಿಮಾನಿಗಳ ನಡುವೆಯೇ ಸುತ್ತುತ್ತಿತ್ತೇನೋ. ರೇಡಿಯೋದಿಂದಾಗಿ ಇವರ ಹೆಸರನ್ನೇ ಕೇಳದವರಿಗೆ ತಲುಪಿತು.

ಕಡಲತೀರದವಳು

ಆಲ್ಬಮ್ಮಿನಲ್ಲಿ ಲಾಕ್‌ಡೌನಿನ ಬಗ್ಗೆಯೇ ಹಾಡುಗಳಿವೆಯಲ್ಲವೇ? ‘ಸಮ್ ಕೈಂಡ್ ಆಫ್ ಡಿಸಾಸ್ಟರ್’ ಎಂಬ ಹೆಸರೇ ಅದನ್ನು ಹೇಳುತ್ತದೆ. ಹಾಗಾಗಿ ಆಗ ಬಿಡುಗಡೆ ಮಾಡಿದ್ದು ಸಹಜವೇ.

ಶಬ್ದಶಿಲ್ಪಿ

ಇಲ್ಲ ಮೇಡಂ, ‘ಸಮ್ ಕೈಂಡ್ ಆಫ್ ಡಿಸಾಸ್ಟರ್’ 2020ರ ಜನವರಿಯಲ್ಲೇ ಸಿಂಗಲ್ ಆಗಿ, ಅಂದರೆ ಬಿಡಿ ಹಾಡಾಗಿ ಬಂದಿತ್ತು. ಈ ಆಲ್ಬಮ್ ಅನ್ನು ಬರೆದು ಧ್ವನಿಮುದ್ರಿಸಿದ್ದು ಪಿಡುಗಿಗೆ ಮೊದಲು. ಬ್ಯಾಂಡಿನವರೆಲ್ಲ ಕ್ಯಾಲಿಫೋರ್ನಿಯಾದ ಪಾಮ್ ಡೆಸರ್ಟ್‌ನ ಒಂದು ಮನೆಯಲ್ಲಿ ಒಟ್ಟಿಗೆ ಉಳಿದುಕೊಂಡು ಹಾಡು ಕಟ್ಟಿದರು, ಡ್ರಮ್ಮರ್ ರಯಾನ್ ಡಾಸನ್ ಅವರ ನ್ಯಾಶ್‌ವಿಲ್ ಸ್ಟುಡಿಯೋದಲ್ಲೂ ಕೆಲಸ ನಡೆಯಿತು, ಝ್ಯಾಕ್ ಸರ್ವೀನಿ ನಿರ್ಮಾಪಕರಾಗಿದ್ದರು. ನನ್ನ ದೃಷ್ಟಿಯಲ್ಲಿ ಇಡೀ ಚರ್ಚೆಯ ತಿರುಳಿರುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ವಿವರಿಸುತ್ತೇನೆ.

ನಾನು ಧ್ವನಿಮುದ್ರಣದ ಕೆಲಸ ಮಾಡುವವನು. ಪಾಪ್ ಪಂಕ್ ಹಾಡಿನ ಕಸುವು ಇರುವುದು ಡ್ರಮ್ಮಿನಲ್ಲಿ, ಮತ್ತು ಡ್ರಮ್ಮಿಗೆ ಕೋಣೆ ಬೇಕು. ಸ್ನೇರ್ ಎಂಬ ಚಿಕ್ಕ ಡ್ರಮ್ಮಿಗೆ ಎರಡು ಮೈಕು, ಕಾಲಿನಿಂದ ಬಡಿಯುವ ಕಿಕ್‌ಗೆ ಒಂದೆರಡು, ತಲೆಯ ಮೇಲೆ ಒಂದು ಜೋಡಿ ಇಟ್ಟ ಮೇಲೂ, ಕೋಣೆಯ ಮೂಲೆಯಲ್ಲಿ ದೂರವಿಟ್ಟ ಮೈಕುಗಳು ಹಿಡಿಯುವ ಗಾಳಿಯ ಸದ್ದು ಸೇರದಿದ್ದರೆ ಪಲ್ಲವಿ ಎದ್ದು ನಿಲ್ಲುವುದಿಲ್ಲ. ಗಿಟಾರನ್ನು ಮನೆಯಲ್ಲಿ ನೇರವಾಗಿ ಕಂಪ್ಯೂಟರಿಗೆ ಸಿಕ್ಕಿಸಿ, ಆಂಪ್ಲಿಫೈಯರಿನ ಸದ್ದನ್ನು ಸಾಫ್ಟ್‌ವೇರಿನಿಂದ ಕೂಡಿಸಬಹುದು. ಎಡಕ್ಕೊಂದು ಬಲಕ್ಕೊಂದು ಪದರವನ್ನು ಬೇರೆ ಬೇರೆಯಾಗಿ ನುಡಿಸಿ ಫೈಲ್ ಕಳಿಸಬಹುದು. ಹಿನ್ನೆಲೆಯ ಸ್ವರಮೇಳವನ್ನು ಬಟ್ಟೆಯ ಬೀರುವಿನೊಳಗೆ ನಿಂತು ಹಾಡಿದವರೂ ಇದ್ದಾರೆ. ಮಿಕ್ಸಿಂಗ್ ಅಂತೂ ಎಲ್ಲಿಂದಲಾದರೂ ಆಗುತ್ತದೆ. ಡ್ರಮ್ ಮಾತ್ರ ಹಾಗೆ ಬಗ್ಗುವುದಿಲ್ಲ. ಲಾಕ್‌ಡೌನಿನಲ್ಲಿ ನನ್ನ ಬಳಿ ಬಂದ ಟ್ರ್ಯಾಕುಗಳಲ್ಲಿ ಹತ್ತಕ್ಕೆ ಒಂಬತ್ತರಲ್ಲಿ ಡ್ರಮ್ ಕಂಪ್ಯೂಟರಿನದೇ ಆಗಿತ್ತು. ಅಕ್ಕಪಕ್ಕದ ಮನೆಯವರು ಸುಮ್ಮನಿರಬೇಕಲ್ಲ.

‘ವೇಕ್ ಅಪ್, ಸನ್‌ಶೈನ್’ ಒಂದೇ ಸೂರಿನಡಿ ಸೇರಿ ಕಟ್ಟಿದ ಕೊನೆಯ ಕೆಲವು ಆಲ್ಬಮ್ಮುಗಳ ಪೈಕಿ ಒಂದು, ಅದು ಕೇಳುವಾಗ ಗೊತ್ತಾಗುತ್ತದೆ. ಒಂಟಿಯಾಗಿ ಮನೆಯಲ್ಲಿ ಕೂತವರಿಗೆ ಏಪ್ರಿಲ್ ತಿಂಗಳಲ್ಲಿ ಬೇಕಾಗಿದ್ದು ಅಂಥ ಸದ್ದು. ಒಂದು ವರ್ಷ ಕೂಡಿಟ್ಟಿದ್ದರೂ ಹಾಡುಗಳು ಅವೇ ಇರುತ್ತಿದ್ದವು, ಕೇಳುಗರ ಹಸಿವು ಅದೇ ಇರುತ್ತಿರಲಿಲ್ಲ.

ಡ್ರಮ್ಮರ್_ಹಾಸನ

ಶಬ್ದಶಿಲ್ಪಿ ಅವರ ಮಾತಿಗೆ ನನ್ನ ಸಂಪೂರ್ಣ ಸಹಮತವಿದೆ. ನೆಕ್ ಡೀಪ್‌ನವರು ಕೂಡ ತಮ್ಮ ಆಲ್ಬಮ್ಮಿಗೆ ವೇಲ್ಸಿನ ಮಾನೊ ವ್ಯಾಲಿ ಸ್ಟುಡಿಯೋದಲ್ಲಿ ಹೋಗಿ ಉಳಿದುಕೊಂಡಿದ್ದರು. ನಿರ್ಮಾಪಕ ಮ್ಯಾಟ್ ಸ್ಕ್ವೈರ್ ಅವರೇ 2007ರಲ್ಲಿ ಆಲ್ ಟೈಮ್ ಲೋಗೆ ‘ಸೋ ರಾಂಗ್, ಇಟ್ಸ್ ರೈಟ್’ ಮಾಡಿಕೊಟ್ಟವರು. ಆ ಹಳೆಯ ಆಲ್ಬಮ್ಮಿನ ‘ಡಿಯರ್ ಮರಿಯಾ, ಕೌಂಟ್ ಮಿ ಇನ್’ ಹಾಡು ಕೋವಿಡ್ ಕಾಲದ ಟಿಕ್‌ಟಾಕಿನಲ್ಲಿ ಮತ್ತೆ ಜೀವ ಪಡೆಯಿತು. ನಮಗೆ ಮಾತ್ರ ಅದನ್ನು ಅಲ್ಲಿ ನೋಡುವ ಅವಕಾಶ ಹೆಚ್ಚು ಕಾಲ ಉಳಿಯಲಿಲ್ಲ, 2020ರ ಜೂನ್ ಕೊನೆಯಲ್ಲೇ ಭಾರತದಲ್ಲಿ ಟಿಕ್‌ಟಾಕ್ ನಿಷೇಧವಾಯಿತು.

ಅನುಮಾನಿ

ಎಲ್ಲರೂ ‘ಮಾನ್‌ಸ್ಟರ್ಸ್’ ಒಂದನ್ನೇ ಸಾಕ್ಷಿಯಾಗಿ ತರುತ್ತಿದ್ದೀರಿ. ಅದರ ಬಡಿತ, ನಡುವೆ ಬರುವ ರ‍್ಯಾಪ್ ಛಾಯೆಯ ಭಾಗ ಇವುಗಳನ್ನು ಕೇಳಿದರೆ ಅದು ಪಾಪ್ ಪಂಕ್ ಎಂದು ನನಗೆ ಅನಿಸುವುದೇ ಇಲ್ಲ. ರೇಡಿಯೋಗೆಂದೇ ಹೊಲಿದ ಹಾಡು ರೇಡಿಯೋದಲ್ಲಿ ಗೆದ್ದರೆ ಅದರಿಂದ ಆಲ್ಬಮ್ಮಿನ ದಿನಾಂಕದ ಬಗ್ಗೆ ಏನೂ ಸಾಬೀತಾಗುವುದಿಲ್ಲ. ಉಳಿದ ಹದಿನಾಲ್ಕು ಹಾಡುಗಳ ಗತಿ ಏನಾಯಿತು?

ಮೈಸೂರು_ಮೇಳ

ಪಾಪ್ ಪಂಕ್ ಎಂಬ ಹೆಸರಿನಲ್ಲೇ ಪಾಪ್ ಮೊದಲು ಇದೆ, ಅನುಮಾನಿ ಅವರೇ. ಆಲ್ ಟೈಮ್ ಲೋ ಗಾಯಕ ಅಲೆಕ್ಸ್ ಗ್ಯಾಸ್ಕಾರ್ತ್ 2019ರಲ್ಲಿ ಬ್ಲಿಂಕ್-182ರ ಮಾರ್ಕ್ ಹಾಪಸ್ ಜೊತೆ ಸಿಂಪಲ್ ಕ್ರಿಯೇಚರ್ಸ್ ಎಂಬ ಜೋಡಿ ಕಟ್ಟಿ ಸಿಂಥಸೈಜರ್ ಪ್ರಯೋಗಗಳನ್ನೆಲ್ಲ ಅಲ್ಲಿಗೆ ಒಯ್ದರು. ಅದರ ನಂತರ ಬಂದ ‘ವೇಕ್ ಅಪ್, ಸನ್‌ಶೈನ್’ 2017ರ ‘ಲಾಸ್ಟ್ ಯಂಗ್ ರೆನೆಗೇಡ್’ಗಿಂತ ಎಷ್ಟೋ ಹೆಚ್ಚು ಗಿಟಾರಿನ ಆಲ್ಬಮ್. ‘ಸ್ಲೀಪಿಂಗ್ ಇನ್’, ‘ಗೆಟವೇ ಗ್ರೀನ್’ ಎರಡನ್ನು ಒಂದರ ಹಿಂದೆ ಒಂದು ಕೇಳಿ ನೋಡಿ, ಆಮೇಲೆ ಅದು ಪಾಪ್ ಪಂಕ್ ಅಲ್ಲವೆಂದು ಹೇಳಿ.

ಕಡಲತೀರದವಳು

ಆಲ್ಬಮ್ಮಿನ ಕೊನೆಯ ಹಾಡು ‘ಬೇಸ್‌ಮೆಂಟ್ ನಾಯ್ಸ್’ ನನಗೆ ಎಲ್ಲಕ್ಕಿಂತ ಇಷ್ಟ. ಹುಡುಗರು ನೆಲಮಾಳಿಗೆಯಲ್ಲಿ ಗದ್ದಲವೆಬ್ಬಿಸುತ್ತಿದ್ದ ಆರಂಭದ ದಿನಗಳನ್ನು ನೆನೆಯುವ ಹಾಡದು. ಮನೆಯಿಂದ ಹೊರಗೆ ಕಾಲಿಡಲಾಗದ ತಿಂಗಳಲ್ಲಿ ಅದನ್ನು ಕೇಳುವುದಕ್ಕೂ, ಈಗ ಕೇಳುವುದಕ್ಕೂ ಅಜಗಜಾಂತರ.

ಬೆಳಕಿನವನು

ಬ್ಯಾಂಡು, ಲೇಬಲ್, ರೇಡಿಯೋ, ಚಾರ್ಟು ಎಂದು ಇಷ್ಟು ಹೊತ್ತು ಮಾತಾಡಿದಿರಿ. ಟೂರ್ ನಿಂತಾಗ ಕೂಳಿಗೆ ಕಲ್ಲು ಬಿದ್ದವರ ಬಗ್ಗೆ ಒಂದು ಮಾತೂ ಬಂದಿಲ್ಲ. ನಾನು ಬೆಂಗಳೂರಿನಲ್ಲಿ ಕಾರ್ಯಕ್ರಮಗಳಿಗೆ ಬೆಳಕಿನ ವ್ಯವಸ್ಥೆ ಮಾಡುವವನು. 2020ರ ಮಾರ್ಚಿನಲ್ಲಿ ಗೋದಾಮಿಗೆ ಬೀಗ ಹಾಕಿದವರು ಮತ್ತೆ ತೆರೆದಾಗ, ಕೇಬಲ್ ಸುರುಳಿಗಳನ್ನು ಇಲಿಗಳು ತಾಮ್ರದವರೆಗೂ ಕಡಿದಿದ್ದವು. ಡಿಮ್ಮರ್ ಪೆಟ್ಟಿಗೆಗಳ ಒಳಗೆ ತೇವ ಕೂತಿತ್ತು. ನಮ್ಮ ಜೊತೆ ಟ್ರಸ್ ಎಂಬ ಲೋಹದ ಚೌಕಟ್ಟು ಏರಿ ದೀಪ ಕಟ್ಟುತ್ತಿದ್ದ ಹುಡುಗರಲ್ಲಿ ಕೆಲವರು ತರಕಾರಿ ಗಾಡಿ ಹಿಡಿದರು, ಕೆಲವರು ಊರಿಗೆ ಹೋದವರು ಮರಳಲೇ ಇಲ್ಲ.

ಅಮೆರಿಕದ ಬ್ಯಾಂಡಿನ ಜೊತೆ ಬಸ್ಸಿನಲ್ಲಿ ತಿರುಗುವ ಸೌಂಡ್ ಎಂಜಿನಿಯರು, ಗಿಟಾರ್ ಶ್ರುತಿ ಮಾಡಿಕೊಡುವವನು, ಬಸ್ಸು ಓಡಿಸುವವನು, ಟೀ ಶರ್ಟ್ ಮೇಜಿನ ಹಿಂದೆ ನಿಲ್ಲುವವಳು, ಇವರ ಕಥೆಯೂ ಬೇರೆಯೇನಲ್ಲ. ಅವರದು ಟೂರಿನಿಂದ ಟೂರಿಗೆ ಸಿಗುವ ಸಂಬಳ. ‘ಮಾನ್‌ಸ್ಟರ್ಸ್’ 18 ವಾರ ಮೊದಲ ಸ್ಥಾನದಲ್ಲಿದ್ದರೂ ಗೌರವಧನ ಬರುವುದು ಹಾಡು ಬರೆದವರಿಗೆ ಮತ್ತು ಧ್ವನಿಮುದ್ರಣದ ಹಕ್ಕು ಇರುವವರಿಗೆ. ದೀಪ ಕಟ್ಟುವವನಿಗೆ ಬಿಡಿಗಾಸೂ ಬರುವುದಿಲ್ಲ. ಆಲ್ಬಮ್ ಟೂರಿಗಾಗಿ ಕಾಯಲಿಲ್ಲವೆಂದರೆ, ಮುಂದೆ ಟೂರ್ ಆರಂಭವಾಗುವಾಗ ಜನರನ್ನು ಕರೆತರಬೇಕಾದ ಹೊಸ ಆಲ್ಬಮ್ ಕೈಯಲ್ಲಿರುವುದಿಲ್ಲ. ಆ ದೃಷ್ಟಿಯಿಂದ ನಾನು ಅನುಮಾನಿ ಅವರ ಪಕ್ಷ.

ಟೌಸನ್_ಕನ್ನಡಿಗ

ಬೆಳಕಿನವನು ಅವರೇ, ನಿಮ್ಮ ಮಾತಿನ ನೋವು ಅರ್ಥವಾಗುತ್ತದೆ. ಇಲ್ಲಿಯೂ ‘ಸೇವ್ ಅವರ್ ಸ್ಟೇಜಸ್’ ಕಾಯ್ದೆಗಾಗಿ ಸಣ್ಣ ಸಭಾಂಗಣಗಳವರು ತಿಂಗಳುಗಟ್ಟಲೆ ಹೋರಾಡಬೇಕಾಯಿತು. 2020ರ ಡಿಸೆಂಬರ್ ಕೊನೆಯಲ್ಲಿ ಅಮೆರಿಕ ಸಂಸತ್ತು 1,500 ಕೋಟಿ ಡಾಲರ್ ಮಂಜೂರು ಮಾಡಿತಾದರೂ ಹಣ ಕೈಸೇರಲು ಮತ್ತೂ ತಿಂಗಳುಗಳು ಹಿಡಿದವು. ಆ ನೆರವು ಸಭಾಂಗಣಗಳಿಗೆ ಸಲ್ಲುವಂಥದ್ದು. ಟೂರಿನಲ್ಲಿ ದಿನಗೂಲಿಯಂತೆ ದುಡಿಯುತ್ತಿದ್ದವರಿಗೆ ನಿರುದ್ಯೋಗ ಭತ್ಯೆಯೇ ಗತಿಯಾಯಿತು.

ಬಸವನಗುಡಿ_ಕೇಳುಗ

ಟೂರಿಗಾಗಿ ಕಾದವರ ಉದಾಹರಣೆ ನಮ್ಮ ಮುಂದಿದೆ, ಅದನ್ನೇ ನೋಡೋಣ. ವೀಜರ್ ಬ್ಯಾಂಡನ್ನು ಪಾಪ್ ಪಂಕ್ ಎನ್ನಲಾಗದಿದ್ದರೂ ಗ್ರೀನ್ ಡೇ ಮತ್ತು ಫಾಲ್ ಔಟ್ ಬಾಯ್ ಜೊತೆ ಹೆಲ್ಲಾ ಮೆಗಾ ಟೂರಿನಲ್ಲಿತ್ತು. ಅವರ ‘ವ್ಯಾನ್ ವೀಜರ್’ 2020ರ ಮೇನಲ್ಲಿ ಬರಬೇಕಿತ್ತು. ಕ್ರೀಡಾಂಗಣದಲ್ಲಿ ಮೊಳಗಲೆಂದೇ ಮಾಡಿದ ಗಿಟಾರಿನ ಆಲ್ಬಮ್ ಅದು, ಟೂರ್ ಮುಂದಕ್ಕೆ ಹೋದಾಗ ಆಲ್ಬಮನ್ನೂ ಒಯ್ದರು. ಬಂದದ್ದು 2021ರ ಮೇ 7ಕ್ಕೆ, ಟೂರ್ ಶುರುವಾದದ್ದು ಆ ವರ್ಷದ ಜುಲೈ 24ಕ್ಕೆ. ನಡುವಿನ ಖಾಲಿ ತುಂಬಲು ಎಲೆಕ್ಟ್ರಿಕ್ ಗಿಟಾರೇ ಇಲ್ಲದ, 38 ವಾದಕರ ಆರ್ಕೆಸ್ಟ್ರಾ ಇರುವ ‘ಓಕೆ ಹ್ಯೂಮನ್’ ಅನ್ನು ಜನವರಿಯಲ್ಲಿ ಕೊಟ್ಟರು. ಕೈಯಲ್ಲಿ ಎರಡು ಆಲ್ಬಮ್ ಇದ್ದವರು ಹೀಗೆ ಮಾಡಬಹುದು. ಒಂದೇ ಇದ್ದವರು ಹದಿನೈದು ತಿಂಗಳು ಸುಮ್ಮನಿರಬೇಕಾಗುತ್ತಿತ್ತು.

ಗ್ರೀನ್ ಡೇಯವರ ಸ್ಥಿತಿ ಇನ್ನೂ ವಿಚಿತ್ರವಾದದ್ದು. ಆಲ್ಬಮ್ ಫೆಬ್ರವರಿ 7ಕ್ಕೇ ಬಂದಿತ್ತು, ಆಗ ಪಿಡುಗಿನ ಸುದ್ದಿ ಹೆಚ್ಚಾಗಿ ಏಷ್ಯಾದ್ದೇ ಆಗಿತ್ತು. ಅದೇ ತಿಂಗಳ ಕೊನೆಯಲ್ಲಿ ಏಷ್ಯಾದ ಕಾರ್ಯಕ್ರಮಗಳನ್ನು ಮುಂದೂಡಿದರು, ಆಮೇಲೆ ಉಳಿದದ್ದೂ ಹೋಯಿತು. ಯಾವ ಲೆಕ್ಕಾಚಾರವೂ ಅವರನ್ನು ಉಳಿಸುವಂತಿರಲಿಲ್ಲ.

ಗೌರಿಪುರದ_ಗಿಟಾರು

ಚಿಕ್ಕ ಬ್ಯಾಂಡುಗಳ ಮಾತನ್ನೂ ಆಡಿ. ಫ್ಲಾರಿಡಾ, ಜಾರ್ಜಿಯಾ, ನ್ಯೂಜೆರ್ಸಿ ಎಂದು ಮೂರು ರಾಜ್ಯಗಳಲ್ಲಿ ಚದುರಿದ್ದ ಮೀಟ್ ಮಿ ಅಟ್ ದಿ ಆಲ್ಟರ್ ಬ್ಯಾಂಡಿನ ಹುಡುಗಿಯರು ಪಿಡುಗಿಗೆ ಮೊದಲಿನಿಂದಲೂ ಇಂಟರ್ನೆಟ್ಟಿನ ಮೂಲಕವೇ ಹಾಡು ಕಟ್ಟುತ್ತಿದ್ದರು. ಉಳಿದವರಿಗೆ ಹೊಸದಾಗಿ ಕಲಿಯಬೇಕಾದ ಕೆಲಸ ಅವರಿಗೆ ರೂಢಿಯಾಗಿತ್ತು. 2020ರ ಅಕ್ಟೋಬರಿನಲ್ಲಿ, ಆಗ ಆಲ್ ಟೈಮ್ ಲೋ ಇದ್ದ ಫ್ಯೂಯಲ್ಡ್ ಬೈ ರಾಮೆನ್ ಲೇಬಲ್ಲೇ ಅವರನ್ನು ಸೇರಿಸಿಕೊಂಡಿತು. ಟೂರ್ ಇಲ್ಲದ ವರ್ಷದಲ್ಲಿ ಯಾರ ಸಭಾಂಗಣ ಎಷ್ಟು ತುಂಬುತ್ತದೆಂದು ಯಾರೂ ಕೇಳಲಿಲ್ಲ, ಹಾಡು ಹೇಗಿದೆಯೆಂದಷ್ಟೇ ಕೇಳಿದರು ಎಂಬುದು ನನ್ನ ಅನಿಸಿಕೆ.

ವಿನೈಲ್_ಪ್ರೇಮಿ

ಅದೇ ವರ್ಷದ ಸೆಪ್ಟೆಂಬರ್ 25ಕ್ಕೆ ರ‍್ಯಾಪರ್ ಮಷೀನ್ ಗನ್ ಕೆಲ್ಲಿ ‘ಟಿಕೆಟ್ಸ್ ಟು ಮೈ ಡೌನ್‌ಫಾಲ್’ ತಂದು ಅಮೆರಿಕದ ಮುಖ್ಯ ಆಲ್ಬಮ್ ಪಟ್ಟಿಯಾದ ಬಿಲ್‌ಬೋರ್ಡ್ 200ರ ತುದಿ ಮುಟ್ಟಿದರು. ಒಂದು ವರ್ಷಕ್ಕೂ ಹೆಚ್ಚು ಕಾಲ ಯಾವ ರಾಕ್ ಆಲ್ಬಮ್ಮಿಗೂ ಆ ಸ್ಥಾನ ಸಿಕ್ಕಿರಲಿಲ್ಲ. ಬ್ಲಿಂಕ್-182ರ ಡ್ರಮ್ಮರ್ ಟ್ರ್ಯಾವಿಸ್ ಬಾರ್ಕರ್ ನಿರ್ಮಿಸಿದ ಆ ಆಲ್ಬಮ್ ಅಪ್ಪಟವಾಗಿದೆಯೋ ಇಲ್ಲವೋ ಎಂಬ ಜಗಳ ಬೇಡ. ಏಪ್ರಿಲ್ಲಿಗಿಂತ ಸೆಪ್ಟೆಂಬರಿನಲ್ಲಿ ಮಾರುಕಟ್ಟೆ ಚೇತರಿಸಿಕೊಂಡಿತ್ತೆಂಬುದಕ್ಕೆ ಅದು ಸಾಕ್ಷಿ. ಹಾಗಾಗಿ ನಾನು ಇನ್ನೂ ಹೇಳುವುದೆಂದರೆ, ವರ್ಷಗಟ್ಟಲೆ ಬೇಡ, ಐದು ತಿಂಗಳು ಕಾಯಬಹುದಿತ್ತು.

ಶಬ್ದಶಿಲ್ಪಿ

ಐದು ತಿಂಗಳು ಕಾದಿದ್ದರೆ ‘ಮಾನ್‌ಸ್ಟರ್ಸ್’ಗೆ ರೇಡಿಯೋದಲ್ಲಿ ಏರಲು ಸಿಕ್ಕ ಆ ಐದು ತಿಂಗಳೂ ಹೋಗುತ್ತಿದ್ದವು. ರೇಡಿಯೋ ನಿಧಾನದ ಮಾಧ್ಯಮ. ಅಭಿಮಾನಿಗಳು ಆಲ್ಬಮ್ಮಿನಲ್ಲಿ ಯಾವ ಹಾಡನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆಂದು ಸ್ಟ್ರೀಮಿಂಗ್ ಅಂಕಿಗಳಿಂದ ಲೇಬಲ್‌ಗೆ ಮೊದಲು ತಿಳಿಯಬೇಕು, ಆಮೇಲೆ ಆ ಹಾಡು ಸ್ಟೇಷನ್ನುಗಳಿಗೆ ಹೋಗಬೇಕು, ಅವರು ರಾತ್ರಿಯ ಹೊತ್ತು ಹಾಕಿ ನೋಡಬೇಕು. ಡಿಸೆಂಬರಿನಲ್ಲಿ ಡೆಮಿ ಲೊವಾಟೊ ಸೇರಿದ ಇನ್ನೊಂದು ಆವೃತ್ತಿ ಬರುವ ಹೊತ್ತಿಗೆ ಆಲ್ಬಮ್ ಎಂಟು ತಿಂಗಳು ಹಳೆಯದಾಗಿತ್ತು. ಆ ಎಂಟು ತಿಂಗಳೇ ಈ ಹಾಡಿನ ಟೂರ್.

ಬೆಳಕಿನವನು

ಹಾಡಿಗೆ ಟೂರ್ ಆಯಿತು, ಒಪ್ಪಿದೆ. ಬಸ್ಸು ಓಡಿಸುವವನಿಗೆ ಆಗಲಿಲ್ಲ.

ಮೈಸೂರು_ಮೇಳ

ಅದನ್ನು ಯಾರೂ ಅಲ್ಲಗಳೆಯುತ್ತಿಲ್ಲ, ಆದರೆ ಆಲ್ಬಮನ್ನು ಕಪಾಟಿನಲ್ಲಿಟ್ಟಿದ್ದರೂ ಬಸ್ಸು ಓಡುತ್ತಿರಲಿಲ್ಲವಲ್ಲ. ಮೇಲಾಗಿ ಬ್ಯಾಂಡಿನವರು ಸುಮ್ಮನೆ ಕೂರಲಿಲ್ಲ. 2021ರ ಮಾರ್ಚಿನಲ್ಲಿ ‘ಒನ್ಸ್ ಇನ್ ಎ ಲೈಫ್‌ಟೈಮ್’, ಜುಲೈನಲ್ಲಿ ಪೇಲ್ ವೇವ್ಸ್ ಜೊತೆ ‘ಪಿಎಂಎ’ ಎಂದು ಹೊಸ ಸಿಂಗಲ್‌ಗಳನ್ನು ಕೊಟ್ಟರು. ಟೂರ್ ಮತ್ತೆ ಶುರುವಾಗುವ ಹೊತ್ತಿಗೆ ಕೈಯಲ್ಲಿ ಹೊಸ ಹಾಡೂ ಇತ್ತು, ರೇಡಿಯೋದಿಂದ ಬಂದ ಹೊಸ ಕೇಳುಗರೂ ಇದ್ದರು.

ಅನುಮಾನಿ

‘ಮಾನ್‌ಸ್ಟರ್ಸ್’ಗೆ ಆ ದಿನಾಂಕ ಒಳ್ಳೆಯದೇ ಮಾಡಿತೆಂದು ಶಬ್ದಶಿಲ್ಪಿ ಅವರ ವಿವರಣೆಯ ನಂತರ ಒಪ್ಪುತ್ತೇನೆ. ಆದರೆ ಉಳಿದ ಹಾಡುಗಳ ಕುರಿತ ನನ್ನ ಪ್ರಶ್ನೆಗೆ ಕಡಲತೀರದವಳು ಒಬ್ಬರನ್ನು ಬಿಟ್ಟು ಯಾರೂ ಉತ್ತರ ಕೊಟ್ಟಿಲ್ಲ. ಪಾಪ್ ಪಂಕ್ ಆಲ್ಬಮ್ಮಿನಲ್ಲಿ ಸಿಂಗಲ್ ಆಗದ ಹಾಡೊಂದು ಜನರ ಮನಸ್ಸಿನಲ್ಲಿ ಬೇರು ಬಿಡುವುದು ವೇದಿಕೆಯ ಮೇಲೆ, ಆಲ್ಬಮ್ ಹೊಸದಾಗಿರುವಾಗಲೇ. ಟೂರ್ ಮತ್ತೆ ಶುರುವಾದಾಗ ವೇದಿಕೆಯ ಹಾಡುಗಳ ಪಟ್ಟಿಯಲ್ಲಿ ಹಳೆಯ ಜನಪ್ರಿಯ ಹಾಡುಗಳಿಗೆ, ‘ಮಾನ್‌ಸ್ಟರ್ಸ್’ಗೆ, ಹೊಸ ಸಿಂಗಲ್‌ಗಳಿಗೆ ಜಾಗ ಕೊಟ್ಟ ಮೇಲೆ ‘ಗ್ಲಿಟರ್ ಅಂಡ್ ಕ್ರಿಮ್ಸನ್’ನಂಥ ಹಾಡಿಗೆ ಎಷ್ಟು ಜಾಗ ಉಳಿದೀತು?

ಕಡಲತೀರದವಳು

ಅನುಮಾನಿ ಅವರೇ, ನನ್ನಂಥ ಭಾರತದ ಕೇಳುಗರಲ್ಲಿ ಬಹುಪಾಲು ಜನ ಈ ಬ್ಯಾಂಡನ್ನು ವೇದಿಕೆಯ ಮೇಲೆ ಯಾವತ್ತೂ ಕಂಡವರಲ್ಲ. ನಮಗೆ ಅವರ ಪ್ರತಿಯೊಂದು ಆಲ್ಬಮ್ಮೂ ಟೂರಿಲ್ಲದ ಆಲ್ಬಮ್ಮೇ. ‘ಗ್ಲಿಟರ್ ಅಂಡ್ ಕ್ರಿಮ್ಸನ್’ ನನ್ನ ಮನಸ್ಸಿನಲ್ಲಿ ಬೇರು ಬಿಟ್ಟಿದ್ದು ಹೆಡ್‌ಫೋನಿನಲ್ಲಿ, ತಾರಸಿಯ ಮೇಲೆ ಸಂಜೆ ನಡೆಯುವಾಗ. ‘ವೇಕ್ ಅಪ್, ಸನ್‌ಶೈನ್’ ಬಂದ ವರ್ಷ ಅಮೆರಿಕದ ಅಭಿಮಾನಿಗಳೂ ನಮ್ಮ ಹಾಗೆಯೇ ಕೇಳಿದರು, ಅಷ್ಟೇ ವ್ಯತ್ಯಾಸ.

ಅನುಮಾನಿ

ಈ ಉತ್ತರ ನನಗೆ ಹೊಳೆದಿರಲಿಲ್ಲ. ಹಾಗಿದ್ದರೆ ಹೇಳಿ, ಹೆಡ್‌ಫೋನಿನಲ್ಲಿ ಮೊದಲಿನಿಂದ ಕೊನೆಯವರೆಗೆ ನಿಲ್ಲುವುದು ಇದೋ, ನೆಕ್ ಡೀಪ್‌ನವರದೋ?

ಡ್ರಮ್ಮರ್_ಹಾಸನ

ನೆಕ್ ಡೀಪ್‌ನವರದು. ಒಬ್ಬ ಹುಡುಗ, ಒಬ್ಬಳು ಹುಡುಗಿಯ ಕಥೆಯನ್ನು ಉದ್ದಕ್ಕೂ ಹೇಳುವ ಆಲ್ಬಮ್ ಆದ್ದರಿಂದ ಮಧ್ಯದಲ್ಲಿ ಎದ್ದು ಹೋಗಲು ಬಿಡುವುದಿಲ್ಲ. ಆದರೆ ಹಾಡೊಂದೊಂದನ್ನೇ ತೂಗಿದರೆ ಆಲ್ ಟೈಮ್ ಲೋ ಮುಂದಿದೆ. ಇದಕ್ಕೆ ಬೇರೆಯೇ ಎಳೆ ತೆರೆಯಿರಿ, ನಾನು ಬರುತ್ತೇನೆ.